ಮೇಬ್ರಿ ಊದುವುದಿಲ್ಲ

ಶಿಕಾಗೋದ ಪಶ್ಚಿಮ ಭಾಗದ ಮೌತ್ ಆರ್ಗನ್‌ನವರನ್ನೆಲ್ಲ ಎಜ್ರಾ ಮೇಬ್ರಿ ಎರಡೇ ಜಾತಿ ಮಾಡಿಟ್ಟಿದ್ದ: ಊದುವವರು ಮತ್ತು ಎಳೆಯುವವರು. ಊದುವವರಲ್ಲಿ ಶಾಲೆ ಮಕ್ಕಳು, ಸ್ಕೌಟಿನವರು, ಕ್ರಿಸ್‌ಮಸ್‌ಗೆ ಉಡುಗೊರೆಯಾಗಿ ಬಂದದ್ದನ್ನು ಜನವರಿಯಲ್ಲಿ ಡ್ರಾಯರಿಗೆ ಎಸೆಯುವವರು ಮತ್ತು ಕ್ಲಿಯೋಫಸ್ ಬ್ರಾಗ್ ಸೇರಿದ್ದರು. ಎಳೆಯುವವರಲ್ಲಿ ತಾನಿದ್ದ, ಸತ್ತುಹೋದ ಇಬ್ಬರೋ ಮೂವರೋ ಇದ್ದರು. ಬದುಕಿರುವ ಬೇರೆ ಯಾರ ಹೆಸರೆತ್ತಿದರೂ ಮೂಗು ಮುರಿಯುತ್ತಿದ್ದ.

ಹತ್ತು ತೂತಿನ ಆ ಅಂಗೈಯಗಲದ ವಾದ್ಯ ಊದಿದರೂ ನುಡಿಯುತ್ತದೆ, ಉಸಿರೆಳೆದುಕೊಂಡರೂ ನುಡಿಯುತ್ತದೆ. ಊದಿದರೆ ಬರುವ ಸ್ವರ ಇದ್ದಲ್ಲಿಯೇ ಕೂತಿರುತ್ತದೆ. ಎಳೆದರೆ ಬರುವ ಸ್ವರವನ್ನಾದರೆ ನಾಲಗೆಯ ಬುಡ ತುಸು ತಗ್ಗಿಸಿ ಕೆಳಕ್ಕೆ ಬಗ್ಗಿಸಬಹುದು, ಬಗ್ಗಿದ ಸ್ವರ ಮನುಷ್ಯರು ಅತ್ತ ಹಾಗೆ ಕೇಳುತ್ತದೆ. ಮಿಸಿಸಿಪಿಯ ಹತ್ತಿ ಹೊಲ ಬಿಟ್ಟು ರೈಲು ಹತ್ತಿ ಬಂದ ತನ್ನ ಕಪ್ಪು ಜನರ ಅಳಲಿನ ಹಾಡು, ಬ್ಲೂಸ್, ಪೂರ್ತಿ ಆ ಬಾಗಿನಲ್ಲೇ ಇದೆ ಎಂಬುದು ಮೇಬ್ರಿಯ ಸಿದ್ಧಾಂತ. ಕೆನ್ನೆ ಉಬ್ಬಿಸಿ ಊದುವವರು ಒಳಗೆ ಅದುರಿ ಸ್ವರ ಕೊಡುವ ಹಿತ್ತಾಳೆಯ ರೀಡು ಮುರಿದುಕೊಂಡು, ವಾದ್ಯವೇ ಸರಿಯಿಲ್ಲ ಎಂದು ದೂರುತ್ತಾರೆ. ಮೇಬ್ರಿ ಒಂದೇ ಮೌತ್ ಆರ್ಗನ್ನನ್ನು ಒಂಬತ್ತು ವರ್ಷ ನುಡಿಸಿದ್ದ. ಉಸಿರು ಹೊಟ್ಟೆಯಿಂದ ಏಳಬೇಕು, ತುಟಿಯ ಮುಂದೆ ಮೇಣದ ಬತ್ತಿ ಹಿಡಿದರೆ ಜ್ವಾಲೆ ಅಲ್ಲಾಡಬೇಕೇ ಹೊರತು ಆರಬಾರದು ಎನ್ನುತ್ತಿದ್ದ. ಇದನ್ನು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ತಪ್ಪಿಗೆ ಸಿಕ್ಕಿಕೊಂಡವರಿಗೂ ಹೇಳಿದ.

ಎಳೆಯುವವನಿಗೆ ಒಂದು ಕಷ್ಟ ಇದೆ. ಹಾಡೆಲ್ಲ ಎಳೆತದಲ್ಲೇ ಇದ್ದರೆ ಎದೆ ತುಂಬುತ್ತಲೇ ಹೋಗುತ್ತದೆ, ಖಾಲಿಯಾಗುವುದಿಲ್ಲ. ಹೊಸಬರು ಉಸಿರುಗಟ್ಟುವುದು ಗಾಳಿ ಸಾಲದೆ ಅಲ್ಲ, ಗಾಳಿ ಹೆಚ್ಚಾಗಿ. ನಡುವೆ ಊದುವ ಚೂರು ಸಂದು ಸಿಕ್ಕಾಗ ಬಾಯಿಂದ ಸ್ವಲ್ಪ, ಮೂಗಿನಿಂದ ಬಹಳ, ಯಾರಿಗೂ ಕೇಳದ ಹಾಗೆ ಗಾಳಿ ಬಿಟ್ಟುಬಿಡಬೇಕು. ಮೇಬ್ರಿಯ ಗುಟ್ಟೆಲ್ಲ ಆ ಮೂಗಿನಲ್ಲಿತ್ತು. ಅಷ್ಟು ಮಂದಿಯನ್ನು ಕಂಡು ಮುರಿದದ್ದೂ ಅದೇ ಮೂಗು.

ಭಾನುವಾರ ಬೆಳಿಗ್ಗೆಯ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ, ಹುರಿದ ಈರುಳ್ಳಿಯ ಹೊಗೆಯ ನಡುವೆ, ಹಾಸಿಗೆ ಅಂಗಡಿಯ ಮೂಲೆ, ನಿಂತು ನುಡಿಸುವ ಜಾಗ, ಹನ್ನೊಂದು ಬೇಸಿಗೆ ಅವನದಾಗಿತ್ತು. ಮೂಲೆ ಯಾರದ್ದೆಂದು ತೀರ್ಮಾನವಾಗುತ್ತಿದ್ದದ್ದು ರೈಲು ಬಿಡುವುದರಲ್ಲಿ. ಮೌತ್ ಆರ್ಗನ್‌ನಲ್ಲಿ ರೈಲು ನಿಲ್ದಾಣದಿಂದ ಹೊರಡಬೇಕು, ವೇಗ ಹಿಡಿಯಬೇಕು, ಸೀಟಿ ಹಾಕಬೇಕು, ಸೇತುವೆ ದಾಟಬೇಕು, ಹಬೆ ಬಿಟ್ಟು ನಿಲ್ಲಬೇಕು. ಅಷ್ಟು ಹೊತ್ತೂ ವಾದ್ಯದಿಂದ ಬಾಯಿ ಎತ್ತುವಂತಿಲ್ಲ. ಉಸಿರಾಡುವುದಿದ್ದರೆ ಅದರ ಮೂಲಕವೇ ಆಡಬೇಕು. ಬಾಯಿ ಎತ್ತಿದವನ ರೈಲು ಹಳಿ ತಪ್ಪಿತೆಂದು ಲೆಕ್ಕ. ಅವನು ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಮೂಲೆ ನೋಡಿಕೊಳ್ಳಬೇಕು.

ಬ್ರಾಗ್ ಮೂರು ಬೇಸಿಗೆ ಬಂದ, ಮೂರು ಸಲವೂ ಸೇತುವೆಯ ಮೇಲೆ ಬಾಯಿ ಎತ್ತಿದ. ಕಡವೆಯಂಥ ಆಳು, ಊದಿದರೆ ಎರಡು ಬೀದಿ ಆಚೆ ಕೇಳುತ್ತಿತ್ತು. ಮೇಬ್ರಿ ಅವನಿಗೆ ಸೈಕಲ್ ಪಂಪ್ ಎಂದು ಹೆಸರಿಟ್ಟ. ಹೆಸರು ಅಂಟಿಕೊಂಡಿತು. ಬ್ರಾಗ್ ಸೋತಾಗಲೆಲ್ಲ ನಗುತ್ತಿದ್ದ, ಸಾಸೇಜ್ ಕೊಂಡು ತಿಂದು ಮನೆಗೆ ಹೋಗುತ್ತಿದ್ದ. ಸೋತವನು ನಗುವುದು ಮೇಬ್ರಿಗೆ ಸುತರಾಂ ಹಿಡಿಸುತ್ತಿರಲಿಲ್ಲ. ಸೋಲಿಸಿದ್ದರ ರುಚಿಯೇ ಕೆಡುತ್ತಿತ್ತು.

ವಾರದ ಮಿಕ್ಕ ದಿನಗಳಲ್ಲಿ ಮೇಬ್ರಿ ಎರಕದ ಕಾರ್ಖಾನೆಯಲ್ಲಿದ್ದ. ಮೂವತ್ತೊಂದು ವರ್ಷ ಮರಳಿನ ಧೂಳು ಕುಡಿದ, ಅದರ ಮೇಲೆ ದಿನಕ್ಕೆ ಒಂದೂವರೆ ಪ್ಯಾಕು ಸಿಗರೇಟು ಸೇದಿದ. ಉಸಿರಿನ ವಿಷಯದಲ್ಲಿ ಊರಿಗೆಲ್ಲ ಪಾಠ ಹೇಳುತ್ತಿದ್ದವನು ತನ್ನ ಶ್ವಾಸಕೋಶಕ್ಕೆ ಮಾಡಿದ್ದು ಇದು. ಹೆಂಡತಿ ಒಜೆಲ್ಲಾ ಹೇಳಿ ಹೇಳಿ ಬಾಯಿ ಸೋತಳು. ನನ್ನ ಉಸಿರಿನ ವಿಷಯ ನನಗೆ ಬಿಡು ಎಂದ. ಅವಳು ಬಿಟ್ಟಳು.

ಎಪ್ಪತ್ತನಾಲ್ಕು ವಯಸ್ಸಾಗುವ ಹೊತ್ತಿಗೆ ಎರಡನೆಯ ಮಹಡಿಯ ಮನೆಗೆ ಹತ್ತಲು ಮೂರು ಕಡೆ ನಿಲ್ಲಬೇಕಾಯಿತು. ನಿಂತಾಗಲೆಲ್ಲ ಜೇಬು ತಡವಿಕೊಂಡು, ಬೀಗದ ಕೈ ಹುಡುಕುವವನಂತೆ ನಟಿಸುತ್ತಿದ್ದ. ಡಾಕ್ಟರಮ್ಮ ಎದೆಯ ಫೋಟೋ ತೆಗೆಸಿ ನೋಡಿ ಹೇಳಿದ್ದಿಷ್ಟು: ಶ್ವಾಸಕೋಶದ ಬಿಗಿ ಹೋಗಿದೆ, ಒಳಗೆ ಹೋದ ಗಾಳಿ ಹೊರಗೆ ಬರುತ್ತಿಲ್ಲ, ಹಳೇ ಗಾಳಿ ಜಾಗ ಬಿಡದೆ ಹೊಸದಕ್ಕೆ ಜಾಗವಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉಸಿರಾಟದ ಕ್ಲಾಸು ನಡೆಯುತ್ತದೆ, ಹನ್ನೆರಡು ವಾರ ಹೋಗಿ ಬನ್ನಿ. ಏಳನೆಯ ವಾರ ಆರು ನಿಮಿಷ ನಡೆಸಿ ರಕ್ತದ ಆಮ್ಲಜನಕ ಅಳೆಯುತ್ತಾರೆ. ನೂರಕ್ಕೆ ಎಂಬತ್ತೆಂಟಕ್ಕಿಂತ ಕೆಳಗೆ ಬಂದರೆ ಆಮ್ಲಜನಕದ ಸಿಲಿಂಡರು, ಮೂಗಿಗೆ ಕೊಳವೆ.

ಮಿಕ್ಕಿದ್ದನ್ನೆಲ್ಲ ಮೇಬ್ರಿ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಕೊಳವೆ ಎಂಬ ಮಾತು ಮಾತ್ರ ಎದೆಗೆ ಬಡಿಯಿತು. ಅದನ್ನು ಹಾಕಿಕೊಂಡವರನ್ನು ಚರ್ಚಿನಲ್ಲಿ ನೋಡಿದ್ದ. ಎರಡು ಹೊಳ್ಳೆಗೂ ಒಂದೊಂದು ತುದಿ ತುರುಕಿರುತ್ತಾರೆ. ಹೊಳ್ಳೆ ಮುಚ್ಚಿದ ಮೇಲೆ ಹೆಚ್ಚಿನ ಗಾಳಿ ಬಿಡುವುದು ಎಲ್ಲಿಂದ? ಎಳೆಯುವುದು ಅಲ್ಲಿಗೆ ಮುಗಿಯಿತು. ಮಿಕ್ಕ ಆಯಸ್ಸು ಊದಿಕೊಂಡು ಕೂರಬೇಕು. ಅದಕ್ಕಿಂತ ಸಾಯುವುದೇ ಮೇಲು ಎಂದು ಒಜೆಲ್ಲಾಗೆ ಹೇಳಿದ.

"ಮೆಟ್ಲು ಹತ್ತೋಕೆ ಮೂರು ಕಡೆ ನಿಲ್ತೀಯ," ಅಂದಳು ಒಜೆಲ್ಲಾ. "ಯಾವ ರಾಜ್ಯ ಆಳೋಕೆ ಮೂಗು ಖಾಲಿ ಇಟ್ಕೋಬೇಕು ಮೇಬ್ರಿ? ಮಂಗಳವಾರ ಕ್ಲಾಸಿಗೆ ಹೋಗು. ಇಲ್ಲಾಂದ್ರೆ ನಾನು ತಂಗಿ ಮನೆಗೆ ಹೋಗ್ತೀನಿ. ನೀನು ಸಾಯೋದನ್ನ ಕೂತು ನೋಡೋಕೆ ನನಗೆ ಪುರುಸೊತ್ತಿಲ್ಲ."

ಹೋದ. ನೆಲಮಾಳಿಗೆಯಲ್ಲಿ ಎಂಟು ಕುರ್ಚಿ, ಎಂಟು ಜನ ಕೆಮ್ಮುವವರು, ಅವರ ಮುಂದೆ ಮಿಸ್ ಎಮಿಲಿ ಎಂಬ ಇಪ್ಪತ್ತಾರರ ಬಿಳಿ ಹುಡುಗಿ. ಅವಳು ಎಲ್ಲರಿಗೂ ಒಂದೊಂದು ಕೆಂಪು ಪ್ಲಾಸ್ಟಿಕ್ ಪೊಟ್ಟಣ ಹಂಚಿದಳು. ಬಿಚ್ಚಿದರೆ ಮೌತ್ ಆರ್ಗನ್. ಶ್ವಾಸಕೋಶಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ, ತುಟಿ ಕಿರಿದು ಮಾಡಿ ನಿಧಾನವಾಗಿ ಊದಿದರೆ ಒಳಗಿನ ಹಳೇ ಗಾಳಿ ಹೊರಗೆ ಬರುತ್ತದೆ ಎಂದು ಅವಳು ನಗುನಗುತ್ತಾ ವಿವರಿಸಿದಳು. ಅವಳು ಅದನ್ನು ಕಲಿತು ಒಂದು ವರ್ಷವಾಗಿತ್ತಂತೆ. ಮೇಬ್ರಿ ಪ್ಲಾಸ್ಟಿಕ್ಕನ್ನು ಎರಡು ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದು ಕೂತ.

ಸಾಲದ್ದಕ್ಕೆ ಪಕ್ಕದ ಕುರ್ಚಿಯಲ್ಲಿ ಬ್ರಾಗ್ ಇದ್ದ. ಕಡವೆ ಇಳಿದು ಅರ್ಧವಾಗಿತ್ತು. ಮೂಗಿಗೆ ಕೊಳವೆ, ಪಕ್ಕದಲ್ಲಿ ಚಕ್ರದ ಮೇಲೆ ಸಿಲಿಂಡರು, ಅದರ ಮೈಗೆ ಬೇಸ್‌ಬಾಲ್ ತಂಡದ ಚೀಟಿ. ಎರಡು ವರ್ಷದಿಂದ ಹೀಗೇ ಇದ್ದೇನೆ ಎಂದು ಹೇಳಿಕೊಂಡು ನಗುತ್ತಿದ್ದ. ಮಿಸ್ ಎಮಿಲಿ ಶಿಶುವಿಹಾರದ ಹಾಡೊಂದರ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದರೆ, ಎಪ್ಪತ್ತೆರಡು ವರ್ಷದ ಆ ಮನುಷ್ಯ ನಾಲ್ಕು, ನಾಲ್ಕು, ಐದು ಎಂದು ಬೆರಳಿಟ್ಟು ನೋಡಿಕೊಂಡು ಊದುತ್ತಿದ್ದ. ನಾಚಿಕೆ ಎಂಬುದಿಲ್ಲ. ಇವನು ಇಲ್ಲಿಗೇ ಹುಟ್ಟಿದವನು ಎಂದುಕೊಂಡ ಮೇಬ್ರಿ.

ಆರು ವಾರ ಮೇಬ್ರಿ ಹೋದ, ಆರು ವಾರವೂ ಊದಲಿಲ್ಲ. ಎಲ್ಲರೂ ಊದುವಾಗ ಪ್ಲಾಸ್ಟಿಕ್ ತುಟಿಗಿಟ್ಟು ಸುಮ್ಮನಿರುತ್ತಿದ್ದ. ಒತ್ತಾಯ ಮಾಡಿದರೆ ಅದೇ ಹಾಡನ್ನು ಪೂರ್ತಿ ಎಳೆತದಲ್ಲೇ, ಸ್ವರ ಬಗ್ಗಿಸಿ ಬಗ್ಗಿಸಿ ನುಡಿಸಿ, ಮಕ್ಕಳ ಹಾಡನ್ನು ಹೆಣದ ಮುಂದಿನ ಹಾಡು ಮಾಡುತ್ತಿದ್ದ. ಕೆಮ್ಮುವವರು ಬಾಯಿಬಿಟ್ಟು ಕೇಳುತ್ತಿದ್ದರು. ಆಮೇಲೆ ಅರ್ಧ ಗಂಟೆ ಮೇಜು ಹಿಡಿದುಕೊಂಡು ನಿಲ್ಲುತ್ತಿದ್ದ. ತುಂಬಿದ ಎದೆ ಖಾಲಿಯಾಗುತ್ತಿರಲಿಲ್ಲ.

"ಮಿಸ್ಟರ್ ಮೇಬ್ರಿ, ನೀವು ತುಂಬಾ ಚೆನ್ನಾಗಿ ನುಡಿಸ್ತೀರಿ," ಅಂದಳು ಮಿಸ್ ಎಮಿಲಿ ಒಂದು ದಿನ. "ಆದ್ರೆ ನಿಮಗೆ ಬೇಕಾಗಿರೋದು ಹೊರಗೆ ಬಿಡೋದು. ದಯವಿಟ್ಟು ಊದಿ."

"ಕಾಫಿ ಆರಿಸ್ಕೊಳ್ಳೋಕೆ ಊದ್ತೀನಿ ಮಿಸ್," ಅಂದ ಮೇಬ್ರಿ. "ಇದನ್ನಲ್ಲ."

ಅವಳು ಏನೋ ಬರೆದುಕೊಂಡಳು. ಬ್ರಾಗ್ ಈ ಕಡೆ ವಾಲಿ ಏನೇನೋ ಹೇಳುತ್ತಿದ್ದ, ಪ್ರತಿ ವಾರವೂ ಹೇಳುತ್ತಿದ್ದ. ಮೇಬ್ರಿಗೆ ಅವನ ಮಾತು ಟ್ರಾಫಿಕ್ ಸದ್ದಿನ ಲೆಕ್ಕ. ಮೂರು ಸಲ ಸೇತುವೆ ದಾಟಲಾರದವನು ಉಸಿರಿನ ವಿಷಯದಲ್ಲಿ ತನಗೆ ಏನು ಹೇಳಿಯಾನು?

ಏಳನೆಯ ಮಂಗಳವಾರ ಕಾರಿಡಾರಿನಲ್ಲಿ ನಡೆಸಿದರು. ಬೆರಳಿಗೆ ಬಟ್ಟೆ ಕ್ಲಿಪ್ಪಿನಂಥದ್ದು ಸಿಕ್ಕಿಸಿ, ಮಿಸ್ ಎಮಿಲಿ ಗಡಿಯಾರ ಹಿಡಿದು ಜೊತೆಗೇ ನಡೆದಳು. ನಾಲ್ಕನೆಯ ನಿಮಿಷಕ್ಕೆ ಮೇಬ್ರಿ ಗೋಡೆ ಹಿಡಿದ. ಎಂಬತ್ತೈದು. ಅವಳು ಕುರ್ಚಿ ತರಿಸಿ ಕೂರಿಸಿ, ಬೇಜಾರಿನಿಂದಲೇ ಹೇಳಿದಳು: ಇದನ್ನು ಡಾಕ್ಟರಿಗೆ ಕಳಿಸಲೇಬೇಕು, ಗುರುವಾರದೊಳಗೆ ಮನೆಗೆ ಸಿಲಿಂಡರು ಬರುತ್ತದೆ.

ಮೇಬ್ರಿ ಉಸಿರು ಕೂಡಿಸಿಕೊಳ್ಳುವ ತನಕ ಕಾದು ಎದ್ದ. ನಡೆಯುವುದು ನನ್ನ ಕಸುಬಲ್ಲ, ಅದು ಪೋಸ್ಟ್‌ಮ್ಯಾನಿನ ಕಸುಬು ಎಂದ. ಉಸಿರು ಅಳೆಯುವುದಿದ್ದರೆ ಉಸಿರನ್ನೇ ಅಳೆಯಿರಿ, ನಾನು ರೈಲು ಬಿಡುತ್ತೇನೆ, ರೈಲು ಊರು ಮುಟ್ಟಿದರೆ ಈ ಮನುಷ್ಯನಿಗೆ ಕೊಳವೆ ಬೇಡ ಎಂದು ಬರೆಯಿರಿ ಎಂದ. ಮಿಸ್ ಎಮಿಲಿ ಅಂಥ ಒಪ್ಪಂದ ಆಗುವುದಿಲ್ಲ ಎಂದಳು. ಆದರೆ ಕ್ಲಾಸಿನವರೆಲ್ಲ ಕೇಳೋಣ, ಕೇಳೋಣ ಎಂದು ಗಂಟುಬಿದ್ದರು. ಎರಡು ನಿಮಿಷ ಮಾತ್ರ, ನಾನು ನಿಲ್ಲಿಸಿ ಅಂದರೆ ನಿಲ್ಲಿಸಬೇಕು ಎಂದು ಹೇಳಿ, ಕೈ ಬೇಕಾಗುತ್ತದೆಂದು ಕ್ಲಿಪ್ಪನ್ನು ಅವನ ಕಿವಿಗೆ ಸಿಕ್ಕಿಸಿದಳು. ವಾದ್ಯದವರ ಮರ್ಯಾದೆ ಗೊತ್ತಿಲ್ಲದ ಹುಡುಗಿ. ಹೊರಟ ರೈಲನ್ನು ನಡುವೆ ನಿಲ್ಲಿಸಿ ಅಂದರೆ ಯಾವನು ನಿಲ್ಲಿಸುತ್ತಾನೆ?

ಮೇಬ್ರಿ ಕೋಟಿನ ಒಳಜೇಬಿನಿಂದ ತನ್ನ ಸ್ವಂತದ್ದನ್ನು ತೆಗೆದ. ಎರಡೂ ಕೈ ಬಟ್ಟಲು ಮಾಡಿ ಮುಚ್ಚಿ, ಮೊದಲು ಒಂದು ಉದ್ದನೆಯ ಎಳೆತ. ನಿಲ್ದಾಣದಲ್ಲಿ ಹಬೆ. ಆಮೇಲೆ ಒಳಗೆ ಒಳಗೆ, ಹೊರಗೆ ಹೊರಗೆ, ನಿಧಾನವಾಗಿ ಚಕ್ರ ಉರುಳಿದವು. ನೆಲಮಾಳಿಗೆಯಲ್ಲಿ ಕೆಮ್ಮು ನಿಂತುಹೋಯಿತು. ಇದನ್ನು ಒಪ್ಪಲೇಬೇಕು: ಆ ಮುದುಕ ಹಠಮಾರಿ, ಬಾಯಿಹರುಕ, ಅಹಂಕಾರದ ಮುದ್ದೆ, ಆದರೆ ರೈಲು ಬಿಟ್ಟರೆ ಕೂತ ಕುರ್ಚಿ ಅದುರಿದಂತಾಗುತ್ತಿತ್ತು. ಊರ ಹೊರಗೆ ಬಂದು ವೇಗ ಹಿಡಿಯಿತು. ಸೀಟಿ ಹಾಕಿದ, ಸ್ವರ ಬಗ್ಗಿ ದೂರಕ್ಕೆ ಹೋಯಿತು. ಇನ್ನೊಂದು ಸೀಟಿ. ಸೀಟಿ ಎಂದರೆ ಎಳೆತ, ಎದೆಗೆ ಇನ್ನಷ್ಟು ಗಾಳಿ.

ಮಿಸ್ ಎಮಿಲಿ ಕೈಲಿದ್ದ ಯಂತ್ರ ತೊಂಬತ್ತು ಎಂದಿತು, ಎಂಬತ್ತಾರು ಎಂದಿತು. ಅವಳು ನಿಲ್ಲಿಸಿ ಎಂದಳು. ಎಂಬತ್ತೊಂದು. ಮಿಸ್ಟರ್ ಮೇಬ್ರಿ, ನಿಲ್ಲಿಸಿ ಎಂದು ತೋಳು ಹಿಡಿದಳು. ಅವನು ತೋಳು ಕೊಡವಿದ. ಮಿಕ್ಕವರು ತಾಳ ಹಾಕುತ್ತಿದ್ದರು, ಪೆದ್ದ ಮುಂಡೇವು. ಮೇಬ್ರಿಗೆ ಕಣ್ಣು ಕತ್ತಲೆ ಬರುತ್ತಿತ್ತು, ಮೂಗಿನಿಂದ ಬಿಟ್ಟಷ್ಟೂ ಎದೆ ಹಾಗೇ ಇತ್ತು, ಒಳಗೆ ಕಲ್ಲು ಹೇರಿದಂತಿತ್ತು. ಸೇತುವೆ ಬಂತು. ಬಾಯಿ ಎತ್ತಿದರೆ ಒಂದು ಕೆಮ್ಮು ಕೆಮ್ಮಿ ಬದುಕಬಹುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎತ್ತಲಿಲ್ಲ. ಬ್ರಾಗ್ ನೋಡುತ್ತಿದ್ದ. ಬ್ರಾಗ್‌ನ ಮುಂದೆ ಸೇತುವೆಯ ಮೇಲೆ ಬಾಯಿ ಎತ್ತುವುದಕ್ಕಿಂತ ಅಲ್ಲೇ ಬಿದ್ದು ಸಾಯುವುದು ಅವನಿಗೆ ಸರಿ ಕಂಡಿತು. ಈ ವಾದ್ಯದ ಜನಕ್ಕೆ ಮಾತ್ರ ಇಂಥ ಬುದ್ಧಿ ಬರುತ್ತದೆ.

ಬ್ರಾಗ್ ಎದ್ದವನೇ ಸಿಲಿಂಡರನ್ನು ಎಳೆದುಕೊಂಡು ಎರಡು ಹೆಜ್ಜೆ ಬಂದು, ಮೇಬ್ರಿಯ ಬಾಯಿಂದ ವಾದ್ಯ ಕಿತ್ತುಕೊಂಡ. ನುಡಿಸುತ್ತಿರುವವನ ಬಾಯಿಂದ ಕಿತ್ತುಕೊಳ್ಳುವುದೆಂದರೆ ಉಣ್ಣುತ್ತಿರುವವನ ತಟ್ಟೆ ಕಿತ್ತುಕೊಂಡ ಹಾಗೆ. ಸಂತೆಯಲ್ಲಾಗಿದ್ದರೆ ಚಾಕು ಹೊರಗೆ ಬರುತ್ತಿತ್ತು. ಮೇಬ್ರಿ ಕೈ ಎತ್ತಿದ, ಹೊಡೆಯಲಿಕ್ಕೇ ಎತ್ತಿದ್ದ. ಆ ಕೈ ಬ್ರಾಗ್‌ನ ಹೆಗಲ ಮೇಲೆ ಬಿತ್ತು, ಅದರ ಹಿಂದೆಯೇ ಮೇಬ್ರಿ ಪೂರ್ತಿ ಬಿದ್ದ.

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಮೂಗಿಗೆ ಕೊಳವೆ ಬಂದಿತ್ತು. ಹಜಾರದ ಮೂಲೆಯಲ್ಲಿ ಆಮ್ಲಜನಕದ ಯಂತ್ರ ಗುಂಯ್ ಎನ್ನುತ್ತಿತ್ತು. ಅದರಿಂದ ಹೊರಟ ಉದ್ದನೆಯ ಕೊಳವೆ ಬಚ್ಚಲಿಗೂ ಅವನ ಹಿಂದೆಯೇ ಹೋಗುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಸಣ್ಣ ಸಿಲಿಂಡರು ಹಿಡಿದು ಬಂದ ದಿನ, ಎಷ್ಟೋ ವರ್ಷದಲ್ಲಿ ಮೊದಲ ಸಲ ಮೆಟ್ಟಿಲ ಮೇಲೆ ನಿಲ್ಲದೆ ಹತ್ತಿದ್ದ, ಊಟ ಮಾಡುವಾಗ ಏದುಸಿರು ಬರಲಿಲ್ಲ. ಅದನ್ನು ಒಜೆಲ್ಲಾ ಹೇಳಿದರೆ ಮುಖ ತಿರುಗಿಸಿದ. ವಾದ್ಯವನ್ನು ಕರ್ಚೀಫಿನಲ್ಲಿ ಸುತ್ತಿ ಟೀವಿಯ ಮೇಲೆ ಇಟ್ಟಿದ್ದ. ಅದು ಅಲ್ಲಿರಲಿ, ನಾನು ಸತ್ತ ಮೇಲೆ ಜೇಬಿಗೆ ಹಾಕು ಎಂದಿದ್ದ. ಯಾರನ್ನೂ ಒಳಗೆ ಬಿಡಬೇಡ ಎಂದೂ ಹೇಳಿದ್ದ.

ಮೂರನೆಯ ದಿನ ಬ್ರಾಗ್ ಬಂದ. ಒಜೆಲ್ಲಾ ಗಂಡನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಟ್ಟು, ಬಾಗಿಲು ತೆಗೆದು, ಮೀನು ಹುರಿಯುತ್ತಿದ್ದೇನೆ ಕೂತ್ಕೋ ಬ್ರದರ್ ಬ್ರಾಗ್ ಎಂದು ಅಡುಗೆಮನೆಗೆ ಹೋದಳು. ಬ್ರಾಗ್ ಸಿಲಿಂಡರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸೋಫಾದಲ್ಲಿ ಕೂತ.

"ಕಿತ್ಕೊಂಡೆ ಅಂತ ಬೈಯೋದಿದ್ರೆ ಈಗ್ಲೇ ಬೈದ್ಬಿಡು," ಅಂದ. "ಆಮೇಲೆ ಮೀನು ತಿನ್ನುವಾಗ ಬೈಯ್ಬೇಡ."

"ನಾನು ಬಾಯಿ ಎತ್ತಿರ್ಲಿಲ್ಲ," ಅಂದ ಮೇಬ್ರಿ.

"ಎತ್ತಿರ್ಲಿಲ್ಲ. ಯಾರು ಕೇಳಿದ್ರೂ ಹಾಗೇ ಹೇಳಿದೀನಿ. ಮೇಬ್ರಿ ಎತ್ಲಿಲ್ಲ, ನಾನೇ ಕಿತ್ಕೊಂಡೆ. ತುಟಿ ಬೂದಿ ಬಣ್ಣ ಆಗಿತ್ತು ಕಣೋ."

ಕ್ಷಮಿಸುವ ಅಭ್ಯಾಸ ಮೇಬ್ರಿಗಿರಲಿಲ್ಲ, ಉಪಕಾರ ನೆನೆಯುವ ಅಭ್ಯಾಸವಂತೂ ಇರಲೇ ಇಲ್ಲ. ಬ್ರಾಗ್ ಟೀವಿಯ ಮೇಲಿನ ಕರ್ಚೀಫಿನ ಗಂಟು ನೋಡಿ, ಅದ್ಯಾಕೆ ಅಲ್ಲಿ ಮಲಗಿದೆ ಎಂದು ಕೇಳಿದ.

"ಕಣ್ಣು ಕಾಣಲ್ವಾ?" ಅಂದ ಮೇಬ್ರಿ ಮೂಗು ತೋರಿಸಿ. "ಎರಡು ಹೊಳ್ಳೆಗೂ ಬಿರಡೆ ಹಾಕಿದಾರೆ. ಎಳೆದ ಗಾಳಿ ಎಲ್ಲಿಂದ ಬಿಡ್ಲಿ? ನಿನ್ನ ಹಾಗೆ ಊದ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ."

ಬ್ರಾಗ್ ಅವತ್ತು ನಗಲಿಲ್ಲ.

"ಇದಕ್ಕಾ?" ಅಂದ. "ಇದಕ್ಕೋಸ್ಕರ ಸಾಯೋಕೆ ಹೋಗಿದ್ಯಾ?"

ಜೇಬಿನಿಂದ ತನ್ನ ಮೌತ್ ಆರ್ಗನ್ ತೆಗೆದು, ಕೆಳಗಿನ ಎರಡು ತೂತಿನಲ್ಲಿ ಉಸಿರೆಳೆದ. ಸ್ವರ ಬಗ್ಗಿತು. ಬ್ರಾಗ್‌ಗೆ ಎಳೆಯುವುದು ಬರುತ್ತದೆಂದು ಮೇಬ್ರಿಗೆ ಗೊತ್ತೇ ಇರಲಿಲ್ಲ. ಎಳೆದು, ಎಳೆದು, ನಡುವೆ ಒಂದು ಸಣ್ಣ ಊದು ಬಂದಾಗ ಬ್ರಾಗ್ ಮೇಬ್ರಿಯ ಕೈ ಹಿಡಿದು ತನ್ನ ಮೂಗಿನ ಕೆಳಗೆ ಇಟ್ಟುಕೊಂಡ. ಕೊಳವೆಯ ಪಕ್ಕದಿಂದ ಬಿಸಿ ಗಾಳಿ ಸುಯ್ಯೆಂದು ಬೆರಳಿಗೆ ತಾಗಿತು.

"ಕೊಳವೆ ಸಣ್ಣದು, ಮೂಗು ದೊಡ್ಡದು," ಅಂದ ಬ್ರಾಗ್. "ಪಕ್ಕದಿಂದ ಹೋಗುತ್ತೆ. ಎರಡು ವರ್ಷದಿಂದ ಹೀಗೇ ಬಿಡ್ತಿದೀನಿ. ಊದಿ ಊದಿ ಮೊದ್ಲು ಹಳೇ ಗಾಳಿ ಖಾಲಿ ಮಾಡ್ಕೊಂಡ್ರೆ ಇನ್ನೂ ಚೆನ್ನಾಗಿ ಎಳೀಬಹುದು. ಆ ಹುಡುಗಿ ಅದನ್ನೇ ಹೇಳಿದ್ದು."

"ನನಗೆ ಯಾಕೆ ಹೇಳ್ಲಿಲ್ಲ?" ಅಂದ ಮೇಬ್ರಿ.

"ಹೇಳ್ದೆ. ಎರಡನೇ ಮಂಗಳವಾರ ಹೇಳ್ದೆ, ನಾಲ್ಕನೇ ವಾರ ಇನ್ನೊಂದ್ಸಲ ಹೇಳ್ದೆ, ಆಮೇಲೂ ಹೇಳ್ತಾನೇ ಇದ್ದೆ. ನೀನು ಗೋಡೆ ನೋಡ್ತಿದ್ದೆ."

ಒಜೆಲ್ಲಾ ಕರೆದಳು. ಬ್ರಾಗ್ ಸಿಲಿಂಡರು ತಳ್ಳಿಕೊಂಡು ಅಡುಗೆಮನೆಗೆ ಹೋದ, ಅಲ್ಲಿಂದ ಮೀನು ಹೊಗಳುವ ಸದ್ದು ಬಂತು. ಮೇಬ್ರಿ ಎದ್ದು ಬಾಗಿಲು ಮುಂದೆ ಮಾಡಿ, ಕರ್ಚೀಫು ಬಿಚ್ಚಿ, ಒಳಗಿನವರಿಗೆ ಕೇಳದಷ್ಟು ಮೆಲ್ಲಗೆ ಎಳೆದ. ಒಂದು ಎಳೆತ, ಇನ್ನೊಂದು, ಆಮೇಲೆ ಸಂದಿನಲ್ಲಿ ಮೂಗಿನಿಂದ ಬಿಟ್ಟ. ಗಾಳಿ ಕೊಳವೆಯ ಪಕ್ಕದಿಂದ ತನ್ನ ಪಾಡಿಗೆ ತಾನು ಹೊರಟುಹೋಯಿತು. ಬ್ರಾಗ್ ಹೇಳಿದ್ದು ಸರಿಯಾಗಿತ್ತು. ಡಾಕ್ಟರಮ್ಮ ಅವನ ಎದೆಯಲ್ಲಿ ಏನೇನೋ ಕೆಟ್ಟಿದೆ ಎಂದಿದ್ದಳು. ಇದರಷ್ಟು ನೋಯುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.